ದೊಡ್ಡತ್ತೆಯ ಮಂಡಿನೋವು

"ಚಿಕ್ಕಿ, ನಮ್ಮನೇಲೂ ಈ ಥರ ಏನಾದ್ರೂ ಸೀಕ್ರೆಟ್ ಇದ್ಯಾ?"

ಅಕ್ಕನ ಮಗಳ ಈ ಮೆಸೇಜು ಬಂದಾಗ ನಾನು ಆಫೀಸು ಮುಗಿಸಿ ಮೆಟ್ರೋದಲ್ಲಿ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದೆ. ಅವಳು ಪಿಯುಸಿ ಓದುವ ಹುಡುಗಿ. ಎರಡು ವಾರದ ಹಿಂದೆ ಹಠ ಹಿಡಿದು ನನ್ನ ಫೋನಿಗೆ ಒಂದು ಇ-ಬುಕ್ ಹಾಕಿಸಿದ್ದಳು. ಇ. ಲಾಕ್‌ಹಾರ್ಟ್ ಬರೆದ ‘ವಿ ವರ್ ಲಯರ್ಸ್’. "ಮಕ್ಕಳ ಪುಸ್ತಕ ನಂಗ್ಯಾಕೆ ಮಾರಾಯ್ತಿ" ಅಂದಿದ್ದೆ. "ಮಕ್ಕಳದ್ದಲ್ಲ, ಯಂಗ್ ಅಡಲ್ಟ್" ಅಂತ ತಿದ್ದಿದ್ದಳು. ಓದಲು ಶುರು ಮಾಡಿದ ಎರಡನೇ ದಿನ ನನ್ನ ಸ್ಟೇಷನ್ ದಾಟಿ ಮುಂದೆ ಹೋಗಿದ್ದೆ. ಮೂರನೇ ದಿನಕ್ಕೆ ಪುಸ್ತಕ ಮುಗಿದಿತ್ತು.

"ಇಲ್ಲ ಪುಟ್ಟಿ, ನಮ್ಮದು ಸಾದಾ ಮನೆ" ಅಂತ ಟೈಪ್ ಮಾಡಿ ಕಳಿಸಿದೆ. ಕಳಿಸಿದ ಮೇಲೆ ಹೊಟ್ಟೆಯೊಳಗೆ ಒಂಥರಾ ಆಯ್ತು. ಯಾಕೆಂದರೆ ನನಗೆ ಥಟ್ಟನೆ ನೆನಪಾದದ್ದು ಕಡೂರಿನ ದೊಡ್ಡತ್ತೆ, ಅಪ್ಪನ ಅಕ್ಕ. ಅವರ ಮಂಡಿನೋವು.

ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಪುಸ್ತಕದ ವಿಷಯ.

ದ್ವೀಪದಲ್ಲೊಬ್ಬ ಪಾಟೀಲ

‘ವಿ ವರ್ ಲಯರ್ಸ್’ 2014ರಲ್ಲಿ ಬಂದ ಕಾದಂಬರಿ. 2025ರಲ್ಲಿ ಪ್ರೈಮ್ ವಿಡಿಯೋದಲ್ಲಿ ಸೀರೀಸ್ ಆಗಿಯೂ ಬಂತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಿಂಕ್ಲೇರ್ ಅನ್ನೋ ಶ್ರೀಮಂತ ಕುಟುಂಬಕ್ಕೆ ಒಂದು ಸ್ವಂತ ದ್ವೀಪ. ಅಜ್ಜನಿಗೆ ಮೂರು ಜನ ಹೆಣ್ಣುಮಕ್ಕಳು. ಒಬ್ಬೊಬ್ಬರಿಗೂ ದ್ವೀಪದಲ್ಲಿ ಒಂದೊಂದು ಮನೆ. ಬೇಸಿಗೆ ಬಂದರೆ ಎಲ್ಲರೂ ಅಲ್ಲಿ ಸೇರಬೇಕು. ದೊಡ್ಡ ಮೊಮ್ಮಗಳು ಕೇಡೆನ್ಸ್‌ಗೆ ಹದಿನೈದು ವರ್ಷವಾದ ಬೇಸಿಗೆಯಲ್ಲಿ ಏನೋ ಅನಾಹುತ ಆಗುತ್ತದೆ. ತಲೆಗೆ ಪೆಟ್ಟು, ನೆನಪು ಹೋಗಿದೆ. ಏನಾಯ್ತು ಅಂತ ಮನೆಯವರು ಯಾರೂ ಹೇಳಲ್ಲ. ಎರಡು ವರ್ಷ ಬಿಟ್ಟು ಅವಳು ಮತ್ತೆ ದ್ವೀಪಕ್ಕೆ ಬಂದು ತಾನೇ ಹುಡುಕಲು ಹೊರಡುತ್ತಾಳೆ. ಕೊನೆ ಏನಂತ ಹೇಳಲ್ಲ, ಹೇಳಿದರೆ ಅಕ್ಕನ ಮಗಳು ನನ್ನನ್ನು ಬಿಡಲ್ಲ.

ನನಗೆ ಹಿಡಿಸಿದ್ದು ಕೊನೆಯ ತಿರುವಲ್ಲ, ಆ ಮನೆಯ ನಡವಳಿಕೆ. ಅಲ್ಲಿ ಯಾರೂ ಜೋರಾಗಿ ಅಳಬಾರದು. ಅಜ್ಜಿ ತೀರಿಕೊಂಡರೆ ಅವರ ಹೆಸರು ಎತ್ತಬಾರದು. ಗಂಡ ಬಿಟ್ಟುಹೋದರೆ ಅವನು ತಂದುಕೊಟ್ಟ ಸಾಮಾನೆಲ್ಲ ಮನೆಯಿಂದ ಆಚೆ ಹೋಗಬೇಕು. ಮೇಲೆ ನೋಡಿದರೆ ನಗು, ಟೆನಿಸ್, ಬಿಳಿ ಬಟ್ಟೆ. ಒಳಗೆ ಮೂವರು ಹೆಣ್ಣುಮಕ್ಕಳೂ ಅಜ್ಜನ ಆಸ್ತಿಗಾಗಿ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಾರೆ. ಅಜ್ಜನ ಮುಂದೆ ಮುದ್ದಾಗಿ ಮಾತಾಡು, ಆ ಮನೆ ನಮಗೇ ಬರಲಿ ಅಂತ ಹೇಳು ಅಂತ ಮಕ್ಕಳನ್ನು ಮುಂದೆ ತಳ್ಳುತ್ತಾರೆ. ಕೇಡೆನ್ಸ್ ಇದನ್ನೆಲ್ಲ ನೇರ ಹೇಳಲಾಗದೆ ನಡುನಡುವೆ ಒಬ್ಬ ರಾಜ, ಮೂವರು ರಾಜಕುಮಾರಿಯರ ಕತೆ ಕಟ್ಟುತ್ತಾಳೆ. ಒಂದೇ ಕತೆಯನ್ನು ಮತ್ತೆ ಮತ್ತೆ, ಬೇರೆ ಬೇರೆ ಥರ. ನಮ್ಮ ಅಜ್ಜಿಯರೂ ಮನೆಯ ಕತೆಯನ್ನು ಹೀಗೇ ರಾಜನ ತಲೆಗೆ ಕಟ್ಟಿ ಹೇಳ್ತಿದ್ದರು.

ಇನ್ನೊಂದು ವಿಷಯ. ಆ ದ್ವೀಪಕ್ಕೆ ಪ್ರತಿ ಬೇಸಿಗೆಗೂ ಬರುವ ಹೊರಗಿನ ಹುಡುಗ ಒಬ್ಬನಿದ್ದಾನೆ. ಕೇಡೆನ್ಸ್ ಮನಸ್ಸು ಕೊಡುವುದು ಅವನಿಗೇ. ಅವನ ಹೆಸರು ಗ್ಯಾಟ್ ಪಾಟೀಲ್. ಭಾರತೀಯ ಮೂಲದವನು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆಯ ಬಾಗಿಲ ಮೇಲಿರುವ ಹೆಸರನ್ನು ಅಲ್ಲಿ ನೋಡಿ ನಾನು ಎರಡು ಸಲ ಓದಿದೆ. ಅಜ್ಜನಿಗೆ ಅವನ ಬಣ್ಣ ಹಿಡಿಸಲ್ಲ. ಬಾಯಿಬಿಟ್ಟು ಹೇಳಲ್ಲ, ಆದರೆ ಮುಖಕ್ಕೆ ಮುಖ ಕೊಟ್ಟು ಮಾತಾಡಲ್ಲ. ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಊಟ ಮಾಡಿದರೂ ಆ ಹುಡುಗ ‘ನಮ್ಮವನು’ ಆಗಲ್ಲ.

ಗಡಿಯಾರದೊಳಗಿನ ಉಯಿಲು

ಈ ಪುಸ್ತಕ ಮುಗಿದ ಮೇಲೆ ಚಟ ಹತ್ತಿತು. ಸಾಲಾಗಿ ಓದಿದೆ. ಓದ್ತಾ ಓದ್ತಾ ಒಂದು ವಿಷಯ ಗಮನಕ್ಕೆ ಬಂತು. ಈ ಕತೆಗಳಲ್ಲಿ ‘ಕೊಂದವರು ಯಾರು’ ಅನ್ನೋ ಪ್ರಶ್ನೆಯ ಕೆಳಗೆ ಬಹಳ ಸಲ ಇನ್ನೊಂದು ಪ್ರಶ್ನೆ ಇರುತ್ತದೆ: ‘ಮನೆ ಯಾರಿಗೆ?’

ಜೆನಿಫರ್ ಲಿನ್ ಬಾರ್ನ್ಸ್ ಅವರ ‘ದಿ ಇನ್‌ಹೆರಿಟೆನ್ಸ್ ಗೇಮ್ಸ್’ (2020) ನೋಡಿ. ಟೆಕ್ಸಾಸಿನ ಒಬ್ಬ ಶತಕೋಟ್ಯಧಿಪತಿ ಸಾಯುವಾಗ ತನ್ನ ಹೆಣ್ಣುಮಕ್ಕಳನ್ನೂ ನಾಲ್ವರು ಮೊಮ್ಮಕ್ಕಳನ್ನೂ ಬಿಟ್ಟು, ಮುಖವೇ ಗೊತ್ತಿಲ್ಲದ ಏವರಿ ಅನ್ನೋ ಬಡ ಹುಡುಗಿಗೆ ಹೆಚ್ಚುಕಡಿಮೆ ಎಲ್ಲ ಆಸ್ತಿ ಬರೆದಿಟ್ಟಿರುತ್ತಾನೆ. ಷರತ್ತು ಒಂದೇ: ಅವಳು ಒಂದು ವರ್ಷ ಆ ಮನೆಯಲ್ಲೇ, ಅವರ ಮಧ್ಯೆಯೇ ಇರಬೇಕು. ಯಾಕೆ ನನಗೇ ಅನ್ನೋದು ಅವಳ ಪ್ರಶ್ನೆ. ಕ್ಯಾರನ್ ಮ್ಯಾಕ್‌ಮ್ಯಾನಸ್ ಅವರ ‘ದಿ ಕಸಿನ್ಸ್’ ಕೂಡ ಅದೇ ವರ್ಷದ್ದು. ಅಲ್ಲೊಬ್ಬಳು ಅಜ್ಜಿ, ತನ್ನ ನಾಲ್ವರು ಮಕ್ಕಳಿಗೂ ಒಂದು ಸಾಲಿನ ಪತ್ರ ಕಳಿಸಿ ಸಂಬಂಧ ಕಡಿದುಕೊಂಡಿದ್ದಾಳೆ. ಕಾರಣ ಯಾರಿಗೂ ಗೊತ್ತಿಲ್ಲ. ವರ್ಷಗಳಾದ ಮೇಲೆ, ಒಬ್ಬರನ್ನೊಬ್ಬರು ಸರಿಯಾಗಿ ಅರಿಯದ ಮೂವರು ಮೊಮ್ಮಕ್ಕಳಿಗೆ ಆ ಅಜ್ಜಿಯ ಊರಿಂದ ಕರೆ ಬರುತ್ತದೆ.

ಇದು ಹೊಸದೂ ಅಲ್ಲ. ಹುಡುಗಿಯೊಬ್ಬಳು ಪತ್ತೇದಾರಿಕೆ ಮಾಡುವ ಸರಣಿಗಳಲ್ಲಿ ಎಲ್ಲರಿಗೂ ಗೊತ್ತಿರೋ ನ್ಯಾನ್ಸಿ ಡ್ರೂ ಶುರುವಾದದ್ದು 1930ರಲ್ಲಿ. ಲೇಖಕಿ ಕ್ಯಾರೊಲಿನ್ ಕೀನ್ ಅಂತ ಮುಖಪುಟದಲ್ಲಿದೆ, ಆದರೆ ಅಂಥ ವ್ಯಕ್ತಿಯೇ ಇರಲಿಲ್ಲ. ಅದು ಹಲವರು ಬರೆದದ್ದಕ್ಕೆ ಪ್ರಕಾಶಕರು ಇಟ್ಟ ಒಂದೇ ಹೆಸರು. ಮೊದಮೊದಲ ಪುಸ್ತಕಗಳಲ್ಲಿ ಹಲವನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಲೇಖಕಿಯೇ ಒಂದು ಗುಟ್ಟು! ಆ ಸರಣಿಯ ಮೊದಲ ಪುಸ್ತಕದಲ್ಲೇ ನ್ಯಾನ್ಸಿ ಹುಡುಕುವುದು ಏನನ್ನ ಗೊತ್ತಾ? ಕಾಣೆಯಾದ ಒಂದು ಉಯಿಲನ್ನ. ಅದರ ಸುಳಿವು ಇರುವುದು ಒಂದು ಹಳೇ ಗಡಿಯಾರದಲ್ಲಿ.

ನಮ್ಮಲ್ಲೂ ಪತ್ತೇದಾರಿಗೆ ಬರ ಇರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕತೆಗಳನ್ನು ನನ್ನ ಅಜ್ಜ ದೀಪದ ಬೆಳಕಲ್ಲಿ ಓದಿ ಮುಗಿಸ್ತಿದ್ದರಂತೆ. ಆದರೆ ಪುರುಷೋತ್ತಮ ಹೊರಗಿಂದ ಬರುವವನು. ಕೇಸು ಮುಗಿದರೆ ಕೋಟು ಕೊಡವಿ ಹೊರಟ. ಈ ಹೊಸ ಕಾದಂಬರಿಗಳ ಹುಡುಗಿ ಎಲ್ಲಿಗೆ ಹೋಗಬೇಕು? ಹಗಲಿಡೀ ಯಾರ ಮೇಲೆ ಅನುಮಾನಪಟ್ಟಳೋ ರಾತ್ರಿ ಅವರು ಬಡಿಸಿದ್ದನ್ನೇ ಉಣ್ಣಬೇಕು. ಈ ಕತೆಗಳ ಜೀವ ಇರೋದು ಅಲ್ಲಿ ಅನ್ನಿಸ್ತದೆ ನನಗೆ.

ಹದಿನೇಳೇ ಯಾಕೆ?

ಇಲ್ಲಿ ಹುಡುಕುವವರೆಲ್ಲ ಹದಿನಾರು, ಹದಿನೇಳು, ಹದಿನೆಂಟರವರು. ಅದಕ್ಕೂ ಕಾರಣವಿದೆ. ಆ ವಯಸ್ಸಿನಲ್ಲಿ ಮನೆಯ ಎಲ್ಲ ಮಾತೂ ಕಿವಿಗೆ ಬೀಳುತ್ತದೆ, ಆದರೆ "ನಿಂಗ್ಯಾಕೆ ದೊಡ್ಡವರ ವಿಷಯ" ಅಂತ ಬಾಗಿಲು ಹಾಕ್ತಾರೆ. ಕಣ್ಣು ಬಿಟ್ಟಿದೆ, ಕೈಯಲ್ಲಿ ಅಧಿಕಾರ ಇಲ್ಲ.

ಹಾಲಿ ಜಾಕ್ಸನ್ ಅವರ ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’ (2019) ಇದನ್ನು ಚೆನ್ನಾಗಿ ಬಳಸಿಕೊಂಡಿದೆ. ಇಂಗ್ಲೆಂಡಿನ ಪುಟ್ಟ ಊರು. ಐದು ವರ್ಷದ ಹಿಂದೆ ಒಬ್ಬ ಹುಡುಗಿ ಕಾಣೆಯಾದಳು. ಅವಳ ಗೆಳೆಯ ಸಾಲ್ ಸಿಂಗ್ ಕೊಂದ ಅಂತ ಊರೆಲ್ಲ ತೀರ್ಮಾನಿಸಿ ಕೇಸು ಮುಚ್ಚಿತು. ಆ ಹುಡುಗನೂ ಇಲ್ಲ. ಉಳಿದದ್ದು ಅವನ ಮನೆಯವರು, ಊರವರ ತಿರಸ್ಕಾರ ತಿಂದುಕೊಂಡು. ಪಿಪ್ ಅನ್ನೋ ಹುಡುಗಿ ಶಾಲೆಯ ಪ್ರಾಜೆಕ್ಟು ಅನ್ನೋ ನೆಪದಲ್ಲಿ ಆ ಫೈಲನ್ನು ಮತ್ತೆ ತೆಗೆಯುತ್ತಾಳೆ. ಜೊತೆಗೆ ಸಾಲ್‌ನ ತಮ್ಮ ರವಿ. ಪೊಲೀಸರಲ್ಲದ ಹುಡುಗಿಗೆ ಯಾರು ಉತ್ತರ ಕೊಡ್ತಾರೆ? ‘ಸ್ಕೂಲ್ ಪ್ರಾಜೆಕ್ಟ್ ಆಂಟಿ’ ಅಂದರೆ ಕೊಡ್ತಾರೆ!

ಫೋನಲ್ಲಿ ಓದುವವರಿಗೆ ಒಂದು ಮಾತು. ಲಾಕ್‌ಹಾರ್ಟ್ ಪುಸ್ತಕದ ಅಧ್ಯಾಯಗಳು ಪುಟ್ಟಪುಟ್ಟದು, ಎರಡು ಸ್ಟೇಷನ್ ನಡುವೆ ಒಂದು ಮುಗಿಯುತ್ತದೆ. ಹಾಲಿ ಜಾಕ್ಸನ್ ಪುಸ್ತಕದಲ್ಲಿ ಪಿಪ್‌ಳ ಟಿಪ್ಪಣಿ, ಸಂದರ್ಶನದ ಬರಹ, ನಕ್ಷೆ ಎಲ್ಲ ಇವೆ. ಅದನ್ನು ಕಾಗದದಲ್ಲೇ ಓದಿ. ಹಿಂದೆ ತಿರುಗಿಸಿ ನೋಡಲೇಬೇಕಾಗುತ್ತದೆ.

ಹಾಂ, ಇನ್ನೊಂದು. ಈ ಕಾದಂಬರಿಗಳಲ್ಲಿ ಕತೆ ಹೇಳುವವರನ್ನೇ ಪೂರ್ತಿ ನಂಬುವ ಹಾಗಿಲ್ಲ. ನಂಬಿಕೆಗೆ ಅರ್ಹರಲ್ಲದ ನಿರೂಪಕರು. ಅವರು ಬೇಕಂತಲೇ ಸುಳ್ಳು ಹೇಳಬೇಕಂತೇನಿಲ್ಲ. ಕೆಲವೊಮ್ಮೆ ತಮಗೆ ಗೊತ್ತಿರುವುದನ್ನೇ ನೋಡಲು ಅವರಿಗೆ ಧೈರ್ಯ ಇರಲ್ಲ.

ಈಗ ಮಂಡಿನೋವಿಗೆ ಬರ್ತೀನಿ.

ಬೀರುವಿನ ಫೈಲು

ನಮ್ಮೂರು ತಿಪಟೂರಿನ ಹತ್ತಿರ. ಚಿಕ್ಕವಳಿದ್ದಾಗ ಗೌರಿ ಹಬ್ಬ ಅಂದರೆ ದೊಡ್ಡತ್ತೆ. ಕಡೂರಿಂದ ರೈಲಲ್ಲಿ ಬರೋರು, ಚೀಲದ ತುಂಬ ಕೋಡುಬಳೆ. ನನ್ನ ತಲೆಗೆ ಎಣ್ಣೆ ಒತ್ತಿ, ನೋವಾಗುವಷ್ಟು ಬಿಗಿಯಾಗಿ ಜಡೆ ಹಾಕೋರು. 2011ರಿಂದ ಅವರು ಬರಲಿಲ್ಲ. ಕೇಳಿದರೆ ಅಮ್ಮ "ಮಂಡಿನೋವು ಕಣೇ, ಪಾಪ, ಓಡಾಡೋಕಾಗಲ್ಲ" ಅಂದರು. ಪ್ರತಿ ವರ್ಷವೂ ಅದೇ ಉತ್ತರ. ನಾನೂ ನಂಬಿದೆ.

2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ವರ್ಷ ದೊಡ್ಡತ್ತೆಯ ಮಗಳು ಒಂದು ಫೋಟೋ ಹಾಕಿದ್ದಳು. ಗೊಮ್ಮಟನ ಪಾದದ ಹತ್ತಿರ ದೊಡ್ಡತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ, ನಗ್ತಾ. ಆ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು. ಮಂಡಿನೋವಿನವರು ಬೆಟ್ಟ ಹತ್ತಿದರು, ಅರಸೀಕೆರೆ ದಾಟಿ ತಿಪಟೂರಲ್ಲಿ ಇಳಿಯಲು ಮಾತ್ರ ಆಗಲ್ಲ. ಪಿಪ್ ಆಗಿದ್ದರೆ ಅವತ್ತೇ ಹಿಡೀತಿದ್ದಳು. ನಾನು ಫೋಟೋಗೆ ಹಾರ್ಟ್ ಒತ್ತಿ ಮುಂದೆ ಹೋದೆ.

ಅಕ್ಕನ ಮಗಳ ಮೆಸೇಜು ಬಂದ ಮುಂದಿನ ವಾರ ಊರಿಗೆ ಹೋಗಿದ್ದೆ. ಮನೆ ಕಂದಾಯದ ರಸೀದಿ ಹುಡುಕು ಅಂತ ಅಪ್ಪ ಬೀರು ಬೀಗದಕೈ ಕೊಟ್ಟರು. ರಸೀದಿಯ ಕೆಳಗಿನ ಫೈಲಲ್ಲಿ ಒಂದು ಹಕ್ಕು ಬಿಡುಗಡೆ ಪತ್ರ ಇತ್ತು. ದೊಡ್ಡತ್ತೆಯ ಪುಟ್ಟ ಫೋಟೋ, ಹೆಬ್ಬೆಟ್ಟು, ಪಕ್ಕದಲ್ಲಿ ಗುಂಡಗಿನ ಅಕ್ಷರದ ಸಹಿ. ತಂದೆಯ ಆಸ್ತಿಯಲ್ಲಿ ತನಗೆ ಬರುವ ಹಕ್ಕನ್ನು ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಬರಹ.

ತಾರೀಖು ನೋಡಿದೆ. ಜೂನ್ 2011.

ಆ ಜೂನ್ ನನಗೆ ಚೆನ್ನಾಗಿ ನೆನಪಿದೆ. ಸಿಇಟಿ ರ‍್ಯಾಂಕು ಕೈಕೊಟ್ಟಿತ್ತು. ಅಪ್ಪ ಕೆರೆ ಕೆಳಗಿನ ತೆಂಗಿನ ತೋಟ ಮಾರಿ ನನಗೆ ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಎಂಜಿನಿಯರಿಂಗ್ ಸೀಟು ಕೊಡಿಸಿದ್ದರು. "ಮಗಳಿಗೋಸ್ಕರ ತೋಟ ಮಾರಿದ" ಅಂತ ಊರೆಲ್ಲ ಹೊಗಳಿತ್ತು. ನಾನೂ ಅದನ್ನು ಎಷ್ಟು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೀನೋ ಲೆಕ್ಕವಿಲ್ಲ. ಆಗ ನನಗೂ ಹದಿನೇಳು. ಕತೆಯ ನಾಯಕಿಯರ ವಯಸ್ಸೇ. ಆದರೆ ಮನೆಯಲ್ಲಿ ಯಾಕೆ ಎಲ್ಲರೂ ಪಿಸುಗುಟ್ಟುತ್ತಿದ್ದಾರೆ ಅಂತ ಒಂದು ದಿನವೂ ಕೇಳಲಿಲ್ಲ. ಹಾಸ್ಟೆಲಿಗೆ ಯಾವ ಬಕೆಟ್ ಒಯ್ಯೋದು ಅನ್ನೋ ಚಿಂತೆಯಲ್ಲಿದ್ದೆ.

ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. ಅಮ್ಮ ಒಗ್ಗರಣೆ ಸೌಟು ಕೆಳಗಿಟ್ಟರು. ಅಜ್ಜ 2009ರಲ್ಲಿ ಹೋದ ಮೇಲೆ ತೋಟ ಕೊಳ್ಳುವವರು ಹೆಣ್ಣುಮಗಳ ಸಹಿ ಇಲ್ಲದೆ ಆಗಲ್ಲ ಅಂದರಂತೆ. ಸಹಿ ಹಾಕಲು ದೊಡ್ಡತ್ತೆಯನ್ನು ಕರೆಸಿದರು. ಅವರು "ನನ್ನ ಮಗಳೂ ಓದ್ತಿದ್ದಾಳೆ, ನಂಗೂ ಒಂದು ಪಾಲು ಅಂತ ಕೊಡಿ" ಅಂದರು. ಅಷ್ಟೇ. "ಮದುವೇಲಿ ಕೊಟ್ಟಿದ್ದು ಸಾಲದಾ? ವರ್ಷಾ ವರ್ಷಾ ಗೌರಿ ಬಾಗಿನ ಕೊಡ್ತಿಲ್ವಾ? ತವರು ಬೇಕಾ, ಪಾಲು ಬೇಕಾ?" ಅಂತ ಮನೆ ಗಂಡಸರೆಲ್ಲ ಮಾತಾಡಿದರು. ಮೂರು ದಿನ ಆದ ಮೇಲೆ ದೊಡ್ಡತ್ತೆ ಸಹಿ ಹಾಕಿ, ಊಟ ಮಾಡದೆ ಸಂಜೆ ರೈಲಿಗೆ ಹೋದರು.

ತಮಾಷೆ ಅಂದರೆ ಕಾನೂನು ಅವರ ಪರವಾಗಿತ್ತು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿದ್ದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಇನ್ನಷ್ಟು ಬಿಡಿಸಿ ಹೇಳಿತು. ಅದಕ್ಕೇ ತಾನೇ ಅವರ ಸಹಿ ಬೇಕಾದದ್ದು! ಹಕ್ಕು ಇಲ್ಲದಿದ್ದರೆ ಯಾರು ಕರೀತಿದ್ದರು?

ಅಮ್ಮ ಹೇಳಿದ ಕತೆ ಮಂಡಿನೋವು. ಊರು ಹೇಳಿದ ಕತೆ ಅಪ್ಪನ ತ್ಯಾಗ. ಛಾಪಾಕಾಗದ ಹೇಳಿದ ಕತೆ ಸ್ವಸಂತೋಷ. ನಮ್ಮ ಮನೆಯಲ್ಲಿ ಮೂರು ಜನ ನಿರೂಪಕರು, ಮೂವರನ್ನೂ ನಂಬುವ ಹಾಗಿಲ್ಲ. ನಾಲ್ಕನೆಯವಳು ನಾನು. "ನಮ್ಮದು ಸಾದಾ ಮನೆ" ಅಂದವಳು.

ನಂಜನಗೂಡಿನ ಶ್ರೋತ್ರಿಗಳು

ಆ ರಾತ್ರಿ ನಿದ್ದೆ ಬರಲಿಲ್ಲ. ಡಿಗ್ರಿ ಕಾಲದಲ್ಲಿ ಓದಿದ್ದ ಭೈರಪ್ಪನವರ ‘ವಂಶವೃಕ್ಷ’ ನೆನಪಾಯ್ತು. 1965ರಲ್ಲಿ ಬಂದದ್ದು. ಕಾರ್ನಾಡ್, ಕಾರಂತರು ಸಿನಿಮಾ ಮಾಡಿದ್ದೂ ಇದೆ. ಅದನ್ನು ಯಾರೂ ರಹಸ್ಯ ಕಾದಂಬರಿ ಅನ್ನಲ್ಲ, ಆದರೆ ಮನೆಯ ಗುಟ್ಟಿನ ಕತೆಯಲ್ಲಿ ಅದನ್ನು ಮೀರಿಸಿದ್ದು ಕಡಿಮೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಇಡೀ ಬದುಕನ್ನು ವಂಶದ ಪಾವಿತ್ರ್ಯದ ಮೇಲೆ ಕಟ್ಟಿಕೊಂಡವರು. ಮರುಮದುವೆಯಾದ ಸೊಸೆ ಕಾತ್ಯಾಯನಿ ಮಗನನ್ನು ಕರೆದೊಯ್ಯಲು ಬಂದಾಗಲೂ ವಂಶದ ಮಾತೇ ಗೆದ್ದಿತು. ಕೊನೆಗಾಲದಲ್ಲಿ ಅವರಿಗೆ ತಿಳಿಯುವುದೋ ತಮ್ಮ ಹುಟ್ಟಿನ ಬಗ್ಗೆಯೇ ಬೇರೆ ಸತ್ಯ. ಆ ಗುಟ್ಟಿನ ಬುಡದಲ್ಲೂ ಆಸ್ತಿ ಯಾರಿಗೆ ಹೋಗಬೇಕು ಅನ್ನೋ ಜಗಳವೇ.

ಶ್ರೋತ್ರಿಗಳು ನನಗೆ ಈಗ ಇಷ್ಟವಾಗುವುದು ಒಂದೇ ಕಾರಣಕ್ಕೆ. ಗೊತ್ತಾದ ಮೇಲೆ ಗೊತ್ತಿಲ್ಲದವರ ಹಾಗೆ ಅವರು ಬದುಕಲಿಲ್ಲ.

ಕಡೂರಿಗೆ

ಬೆಂಗಳೂರಿಗೆ ವಾಪಸ್ ಬರುವ ಬದಲು ಕಡೂರಿನ ರೈಲು ಹತ್ತಿದೆ. ದೊಡ್ಡತ್ತೆ ಬಾಗಿಲು ತೆಗೆದು, "ಏನೇ, ಹೇಳ್ದೆ ಕೇಳ್ದೆ!" ಅಂದರು. ಕಾಫಿ ಕೊಟ್ಟರು. ಏನೇನೋ ಮಾತಾಡಿದ ಮೇಲೆ ನಾನು ಪತ್ರ ನೋಡಿದ್ದನ್ನು ಹೇಳಿದೆ. ನನ್ನ ಓದು ನಿಮ್ಮ ದುಡ್ಡಿನದು ಅಂತ ಗೊತ್ತಿರಲಿಲ್ಲ ಅಂದೆ.

ಅವರು ಸ್ವಲ್ಪ ಹೊತ್ತು ಲೋಟ ತಿರುಗಿಸ್ತಾ ಕೂತರು.

"ನಿನ್ನ ಓದಿಸಿದ್ದಕ್ಕೆ ನಂಗೇನು ಬೇಜಾರಿಲ್ಲ ಕಣೆ. ನೀನು ಓದ್ಬೇಕಿತ್ತು. ಕೇಳಿದ್ದಕ್ಕೆ ಆ ಥರ ಮಾತಾಡಿದ್ರಲ್ಲ, ಅದು ಹೋಗ್ಲಿಲ್ಲ ನೋಡು ಮನಸ್ಸಿಂದ. ಮಂಡಿನೋವು ಅಂತ ನಾನೇ ಹೇಳಿದ್ದು. ಇನ್ನೇನು ಹೇಳ್ಲಿ? ನನ್ನ ತಮ್ಮನ ಮರ್ಯಾದೆ ನಾನೇ ಕಳೀಲಾ?"

ಹದಿನೈದು ವರ್ಷ ಗುಟ್ಟು ಕಾಪಾಡಿದವರು ಅವರೇ! ಯಾವ ಕಾದಂಬರಿಯಲ್ಲೂ ನನಗೆ ಇಂಥ ತಿರುವು ಸಿಕ್ಕಿರಲಿಲ್ಲ.

ಹೊರಡುವಾಗ ಬಾಗಿಲವರೆಗೂ ಬಂದು ಹೇಳಿದರು: "ನಿನ್ನೂ ಒಂದಿನ ಕರೀತಾರೆ ಸೈನ್ ಹಾಕು ಅಂತ. ನಿಂಗೆ ಅಣ್ಣ ಇದ್ದಾನಲ್ಲ. ಹಾಕು, ಬಿಡು, ನಿನ್ನಿಷ್ಟ. ಆದ್ರೆ ಓದ್ಕೊಂಡು ಹಾಕು. ಓದೋದ್ರಲ್ಲಿ ಜಾಣೆ ಅಲ್ವಾ ನೀನು?"

ರೈಲಲ್ಲಿ ಕೂತು ಅಕ್ಕನ ಮಗಳಿಗೆ ಮೆಸೇಜು ಮಾಡಿದೆ. "ಪುಟ್ಟಿ, ಅವತ್ತು ನಾನು ಸುಳ್ಳು ಹೇಳಿದೆ. ಇದೆ. ಫೋನ್ ಮಾಡ್ತೀನಿ, ಪೂರ್ತಿ ಕೇಳು." ಅವಳಿಗೂ ಈಗ ಹದಿನೇಳು. ಇನ್ನೊಂದು ಹದಿನೈದು ವರ್ಷ ಬಿಟ್ಟು ಅವಳು ಬೀರುವಿನಲ್ಲಿ ಹುಡುಕೋದು ಬೇಡ.

ಅಪ್ಪನಿಗೂ ಹೇಳಿದೆ. "ಆಗ ಬೇರೆ ದಾರಿ ಇರಲಿಲ್ಲ" ಅಂದು ಪೇಪರ್ ಮುಖಕ್ಕೆ ಹಿಡಿದರು. ಈ ಸಲ ಗೌರಿ ಹಬ್ಬಕ್ಕೆ ದೊಡ್ಡತ್ತೆಯನ್ನು ನೀವೇ ಫೋನ್ ಮಾಡಿ ಕರೀಬೇಕು ಅಂದಿದ್ದೀನಿ. ಪಾಲಿನ ವಿಷಯವನ್ನು ನಾನು, ಅಣ್ಣ, ಅಕ್ಕ ಕೂತು ಮಾತಾಡ್ತಿದ್ದೀವಿ. ನನ್ನ ಸಂಬಳದಿಂದ ಒಂದಷ್ಟು ಅಂತ ನಾನು ಆಗಲೇ ಬೇರೆ ಇಡಲು ಶುರು ಮಾಡಿದ್ದೀನಿ. ಅವರು ತಗೊಳ್ತಾರೋ ಇಲ್ಲವೋ ಗೊತ್ತಿಲ್ಲ.

ಅಪ್ಪ ಇನ್ನೂ ಫೋನ್ ಮಾಡಿಲ್ಲ. ಆದರೆ ನಿನ್ನೆ ಅಮ್ಮ ಹೇಳಿದರು, ಕಡೂರಿನ ರೈಲು ತಿಪಟೂರಿಗೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳ್ತಿದ್ದರಂತೆ.